ಓಟ್ಸ್ ಮೊಲಾಸಿಸ್ ಕುಕಿ ಮೆತ್ತಗೆ ಉಳಿದದ್ದು ಹೀಗೆ

ಬೆಂಗಳೂರಿನ ನಮ್ಮ ಮನೆಯಲ್ಲಿ ಮಾಡುತ್ತಿದ್ದ ಕುಕಿಗಳು ಓವನ್ನಿನಲ್ಲಿ ತೆಳ್ಳಗೆ ಹರಡಿ, ಮರುದಿನಕ್ಕೆ ಗಟ್ಟಿಯಾಗುತ್ತಿದ್ದವು. ಬೆಣ್ಣೆ ಹೆಚ್ಚಿಸಿದರೆ ಇನ್ನಷ್ಟು ಹರಡಿದವು. ಮೈದಾ ಹೆಚ್ಚಿಸಿದರೆ ಒಣಗಿದವು. ಮೊಲಾಸಿಸ್ (ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಗಟ್ಟಿ ಕಪ್ಪು ಪಾಕ) ಬದಲು ಗಾಂಧಿ ಬಜಾರಿನ ಜೋನಿ ಬೆಲ್ಲ ಹಾಕಿದಾಗ ಪರಿಮಳ ಸೊಗಸಾಗಿದ್ದರೂ ಗಟ್ಟಿತನ ಹೋಗಲಿಲ್ಲ.

ಕೊನೆಗೆ 115 ಗ್ರಾಂ ಬೆಣ್ಣೆ, 150 ಗ್ರಾಂ ಕಂದು ಸಕ್ಕರೆ, 60 ಗ್ರಾಂ ಮೊಲಾಸಿಸ್, 1 ಮೊಟ್ಟೆ, 130 ಗ್ರಾಂ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, 150 ಗ್ರಾಂ ರೋಲ್ಡ್ ಓಟ್ಸ್ ಕಲಸಿದ ಹಿಟ್ಟನ್ನು, ಓಟ್ಸ್ ತೇವ ಹೀರಿಕೊಳ್ಳಲೆಂದು 12 ಗಂಟೆ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ನಿಂಬೆಗಾತ್ರದ ಉಂಡೆ ಕಟ್ಟಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಮಾತ್ರ ಬೇಯಿಸಿದೆ. ಅಂಚು ಕಂದಾಗಿ, ನಡುಭಾಗ ಇನ್ನೂ ಹಸಿಯಂತೆ ಹೊಳೆಯುವಾಗಲೇ ಹೊರತೆಗೆಯಬೇಕು. ನಾನು ಇಷ್ಟು ದಿನ ತಪ್ಪುತ್ತಿದ್ದದ್ದು ಇಲ್ಲಿಯೇ. ಬಿಸಿ ತಟ್ಟೆಯ ಮೇಲೆ 5 ನಿಮಿಷ ಬಿಟ್ಟರೆ ನಡುಭಾಗ ತಾನಾಗಿ ಬೇಯುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಕುಕಿ 4ನೆಯ ದಿನವೂ ಮುರಿಯದೆ ಬಾಗಿತು.