ತೀರ್ಥಹಳ್ಳಿಯಲ್ಲಿ ಒಂದೂವರೆ ದಿನ

ಹೋದ ವರ್ಷ ಒಂದೇ ಭಾನುವಾರ ಆಗುಂಬೆ, ಶೃಂಗೇರಿ, ಕುಪ್ಪಳ್ಳಿ ಮೂರನ್ನೂ ನೋಡಿ ಶಿವಮೊಗ್ಗದ ಮನೆ ಸೇರುವಾಗ ರಾತ್ರಿ ಹನ್ನೊಂದಾಗಿತ್ತು. ಅಮ್ಮನ ಕಾಲು ಊದಿಕೊಂಡಿತ್ತು. "ಅಷ್ಟು ದೂರ ಹೊಳೆ ಜೊತೆಗೇ ಹೋದೆವು, ಐದು ನಿಮಿಷ ದಂಡೆಯಲ್ಲಿ ಕೂರಲಿಲ್ಲವಲ್ಲೋ" ಎಂದಳು. ಆ ಮಾತು ನನ್ನನ್ನು ಬಿಡಲಿಲ್ಲ. ಈ ಸಲ ಜನವರಿ ಕೊನೆಯ ಶನಿವಾರ ಮಧ್ಯಾಹ್ನ ನಾವಿಬ್ಬರೇ ತೀರ್ಥಹಳ್ಳಿಯ ಬಸ್ ಹತ್ತಿದೆವು. ಒಂದು ಊರು, ಒಂದು ಹೊಳೆ, ಅಷ್ಟೇ.

ತಿಂಗಳನ್ನು ಮಾತ್ರ ಯೋಚಿಸಿಯೇ ಆರಿಸಿದ್ದೆ. ಮಳೆಗಾಲದಲ್ಲಿ ತುಂಗೆ ಉಕ್ಕಿದರೆ ಹೊಳೆಯ ನಡುವಿನ ಕಲ್ಲಿನ ರಾಮಮಂಟಪವೇ ಮುಳುಗುತ್ತದೆ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಾತ್ರೆ ಕಳೆದ ಮೇಲೆ ನೀರು ಇಳಿದು ಬಂಡೆಗಳು ಮೇಲೆದ್ದಿರುತ್ತವೆ. ಇದರಲ್ಲಿ ಒಂದು ನಷ್ಟವೂ ಇದೆ: ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಬಸ್ಸಿನ ಕಿಟಕಿಯಿಂದ ನಮಗೆ ಕಂಡದ್ದು ಹಕ್ಕಿಗಳಿಲ್ಲದ ಮರಗಳು ಮಾತ್ರ.

ಸುಮಾರು ಅರವತ್ತು ಕಿಲೋಮೀಟರ್ ದಾರಿ. ಹೊಳೆಗೆ ನಡೆದೇ ಹೋಗುವಷ್ಟು ಹತ್ತಿರ ಕೋಣೆ ಹಿಡಿದಿದ್ದೆ. ವಯಸ್ಸಾದವರ ಜೊತೆ ಹೋಗುವಾಗ ಕೋಣೆಯ ಅಂದಕ್ಕಿಂತ ಇದು ಮುಖ್ಯ.

ಬೆಳಿಗ್ಗೆ ಆರೂವರೆಗೆ ಚಾಪೆ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ರಾಮೇಶ್ವರ ದೇವಸ್ಥಾನದ ಬಳಿ ಹೊಳೆಗೆ ಇಳಿದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರು ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಪಾಚಿಯಿಲ್ಲದ, ನೀರಿನಿಂದ ದೂರದ ಬಂಡೆಯೊಂದನ್ನು ಹುಡುಕಿ ಅಮ್ಮನನ್ನು ಕೂರಿಸಿದೆ. ಪರಶುರಾಮ ತನ್ನ ಕೊಡಲಿಯ ರಕ್ತದ ಕಲೆಯನ್ನು ಇಲ್ಲಿ ತೊಳೆದುಕೊಂಡ ಕಥೆಯನ್ನು ಅವಳು ಹೇಳಿದಳು. ನನಗೆ ಗೊತ್ತಿದ್ದ ಕಥೆಯೇ. ಆದರೂ ಅದೇ ಹೊಳೆಯ ಸದ್ದಿನ ನಡುವೆ ಕೇಳುವಾಗ ಮೈ ಜುಮ್ಮೆಂದಿತು. ಬಿಸಿಲೇರುವವರೆಗೆ, ಎರಡೂವರೆ ಗಂಟೆ, ಅಲ್ಲೇ ಇದ್ದೆವು. ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಬಂದಿದ್ದೆ.

ಏಳುವ ಮುನ್ನ ಅಮ್ಮ ಬೊಗಸೆಯಲ್ಲಿ ನೀರು ತೆಗೆದುಕೊಂಡಳು. "ಗಂಗಾ ಸ್ನಾನ, ತುಂಗಾ ಪಾನ" ಎಂದು ಕೇಳಿಯೇ ಬೆಳೆದವಳು ಅವಳು. ಆದರೆ ಕುಡಿಯಲಿಲ್ಲ, ಕಣ್ಣಿಗೆ ಒತ್ತಿಕೊಂಡು ಬಿಟ್ಟಳು. ಊರೂರಿನ ಕೊಳೆ ಸೇರುವ ಹೊಳೆಯನ್ನು ಈಗ ಯಾರು ಹಾಗೇ ಕುಡಿಯುತ್ತಾರೆ? ಆ ಬೊಗಸೆ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಡುಬು, ಚಟ್ನಿ ತಿಂದು ಆಟೊದಲ್ಲಿ ಚಿಬ್ಬಲಗುಡ್ಡೆಗೆ ಹೋದೆವು. ದಾರಿಯುದ್ದಕ್ಕೂ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಗಣಪತಿ ದೇವಸ್ಥಾನದ ಕೆಳಗೆ ತುಂಗೆಯ ಮಡುವಿನಲ್ಲಿ ಮೀನುಗಳಿವೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಹೆದರಿಕೆಯನ್ನೇ ಅರಿಯದ ದೊಡ್ಡ ದೊಡ್ಡ ಮೀನುಗಳು ಅಮ್ಮನ ಕೈಯ ನೆರಳು ಬಿದ್ದಲ್ಲಿಗೆಲ್ಲ ಬಂದವು. ಎರಡು ಗಂಟೆಯ ಬಸ್ಸಿಗೆ ಹೊರಡಬೇಕೆಂದಿದ್ದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೊಂದು ಮೆಟ್ಟಿಲು ಕೆಳಗೆ ಹೋಗಿ ಕುಳಿತಳು. ನಾವು ಹತ್ತಿದ್ದು ಐದರ ಬಸ್.