ಗ್ರೀಕರ ಉಪವಾಸ, ನಮ್ಮ ಪ್ರವಾಸ

ಮೊಟ್ಟೆ ಕೂಡ ಮುಟ್ಟದ ಅಪ್ಪ-ಅಮ್ಮನನ್ನು ಗ್ರೀಸಿಗೆ ಕರ್ಕೊಂಡು ಹೋಗ್ತೀನಿ, ಅದೂ ಮಾರ್ಚ್ ಮೊದಲ ವಾರದಲ್ಲಿ ಅಂದಾಗ ಭಾವ ನಕ್ಕುಬಿಟ್ಟರು. "ಚಳಿ ಇರುತ್ತೆ, ದ್ವೀಪಗಳೆಲ್ಲ ಬಾಗಿಲು ಹಾಕಿರುತ್ವೆ, ಬ್ರೆಡ್ ತಿಂದ್ಕೊಂಡು ವಾಪಸ್ ಬರ್ತೀರ ಅಷ್ಟೆ." ಟೂರ್ ಕಂಪನಿಯೊಂದು ಜೂನ್‌ಗೆ ತಲಾ ಎರಡೂಕಾಲು ಲಕ್ಷ ಹೇಳಿತ್ತು, ವೆಜ್ ಊಟಕ್ಕೆ ಗ್ಯಾರಂಟಿ ಇಲ್ಲ ಅನ್ನೋ ಷರತ್ತಿನ ಸಮೇತ. ನಮಗೆ ಬಿದ್ದದ್ದು ವೀಸಾ, ವಿಮೆ ಎಲ್ಲ ಸೇರಿ ತಲಾ ಒಂದೂಕಾಲು ಲಕ್ಷದ ಆಸುಪಾಸು. ಅಮ್ಮ ಒಂದು ಹೊತ್ತೂ ಹಸಿದು ಮಲಗಲಿಲ್ಲ.

ಎಲ್ಲರೂ ಮೊದಲು ವಿಮಾನದ ದರ ನೋಡ್ತಾರೆ. ನಾನು ನೋಡಿದ್ದು ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಪಂಚಾಂಗ. ಈಸ್ಟರ್‌ಗೆ ಮುಂಚೆ ಸುಮಾರು ಏಳು ವಾರ ಅವರಿಗೆ ವ್ರತ: ಮಾಂಸ, ಹಾಲು, ಮೊಟ್ಟೆ ಮೂರೂ ವರ್ಜ್ಯ. ಎಲ್ಲರೂ ಪಾಲಿಸಲ್ಲ, ಆದರೂ ತವೆರ್ನಾ ಅನ್ನೋ ಸಾದಾ ಊಟದ ಹೋಟೆಲುಗಳಲ್ಲಿ ಆ ಅಡುಗೆ ಇದ್ದೇ ಇರುತ್ತೆ. "ನಿಸ್ಟಿಸಿಮೊ", ಅಂದರೆ ವ್ರತದ ಅಡುಗೆ, ಅಂತ ಕೇಳಿದರೆ ಸಾಕು. ದಪ್ಪ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ಪಾಲಕ್ ಹಾಕಿದ ಅನ್ನ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅಕ್ಕಿ, ಕಡಲೆಕಾಳಿನ ಸೂಪು. ಹೋರ್ತಾ ಅಂದರೆ ಸಾಕ್ಷಾತ್ ನಮ್ಮ ಬೆರಕೆ ಸೊಪ್ಪು. ಬೇಯಿಸಿ, ಆಲಿವ್ ಎಣ್ಣೆ ಸುರಿದು, ಪಕ್ಕದಲ್ಲಿ ಅರ್ಧ ನಿಂಬೆಹಣ್ಣು ಇಟ್ಟು ಕೊಡ್ತಾರೆ. ಅಮ್ಮ ಅದಕ್ಕೆ ಚೀಲದಿಂದ ಚಟ್ನಿಪುಡಿ ತೆಗೆದು ಉದುರಿಸಿದರು. ಒಂದು ಎಚ್ಚರ: ಆಕ್ಟೋಪಸ್, ಸ್ಕ್ವಿಡ್, ಸೀಗಡಿ ಆ ವ್ರತಕ್ಕೆ ಅಡ್ಡಿಯಲ್ಲ. ತರಮೊಸಲಾಟ ಚಟ್ನಿ ಥರಾನೇ ಕಾಣುತ್ತೆ, ಆದರೆ ಮೀನಿನ ಮೊಟ್ಟೆಯದು.

2025ರಲ್ಲಿ ವ್ರತ ಶುರುವಾದದ್ದು ಮಾರ್ಚ್ 3, ಸೋಮವಾರ. ಆ ದಿನ ಅಥೆನ್ಸಿನವರು ಫಿಲೊಪಾಪ್ಪೊ ಗುಡ್ಡಕ್ಕೆ ಹೋಗಿ ಗಾಳಿಪಟ ಹಾರಿಸ್ತಾರೆ. ಹಿಂದಿನ ದಿನ ತಿಂಗಳ ಮೊದಲ ಭಾನುವಾರ. ನವೆಂಬರ್‌ನಿಂದ ಮಾರ್ಚ್‌ವರೆಗೆ ಆ ದಿನ ಅಕ್ರೊಪೊಲಿಸ್, ಅಂದರೆ ಅಥೆನ್ಸಿನ ಗುಡ್ಡದ ಮೇಲಿನ ಪುರಾತನ ದೇಗುಲಗಳ ತಾಣಕ್ಕೆ, ಪ್ರವೇಶ ಉಚಿತ. ಏಪ್ರಿಲ್‌ನಿಂದ ಟಿಕೆಟ್ 30 ಯೂರೋ ಆಯ್ತು, ನಾಲ್ಕು ಜನಕ್ಕೆ ಲೆಕ್ಕ ಹಾಕಿ. ಶನಿವಾರ ಇಳಿದದ್ದು ಅದಕ್ಕೇ. ಶುಕ್ರವಾರ, ಫೆಬ್ರವರಿ 28ಕ್ಕೆ, ಟೆಂಪಿ ರೈಲು ದುರಂತದ ಎರಡನೇ ವರ್ಷ ಅಂತ ದೇಶಾದ್ಯಂತ ಮುಷ್ಕರ, ವಿಮಾನಗಳೂ ನಿಂತಿದ್ದವು. ಒಂದು ದಿನದಲ್ಲಿ ಪಾರು.

ಸ್ಯಾಂಟೊರಿನಿ ಮಾತ್ರ ಕೈಕೊಟ್ಟಿತು. ಆಗಸ್ಟ್‌ನ ಬಾಡಿಗೆ ನೋಡಿ ಒಮ್ಮೆ ಬಿಟ್ಟಿದ್ದೆ, ರಾತ್ರಿಗೆ ಇಪ್ಪತ್ತೈದು ಸಾವಿರದ ಮೇಲೆ. ಮಾರ್ಚ್‌ಗೆ ಅದರ ಕಾಲುಭಾಗಕ್ಕೆ ರೂಮು ಸಿಕ್ಕಿತು, ಆದರೆ ಫೆಬ್ರವರಿಯಲ್ಲಿ ಅಲ್ಲಿ ಸರಣಿ ಭೂಕಂಪ, ಸಾವಿರಾರು ಜನ ದ್ವೀಪ ಬಿಟ್ಟರು. ರೂಮಿನ ದುಡ್ಡು ಪೂರ್ತಿ ಬಂತು, ಹಡಗಿನ ಟಿಕೆಟ್‌ನಲ್ಲಿ ಒಂದಷ್ಟು ಮುಳುಗಿತು. ಬದಲಿಗೆ ಅಥೆನ್ಸಿನ ಬಂದರು ಪಿರೇಯಸ್‌ನಿಂದ ಈಜಿನಾ ದ್ವೀಪ, ಹಡಗಿನಲ್ಲಿ ಒಂದೂಕಾಲು ಗಂಟೆ, ಪಿಸ್ತಾಕ್ಕೆ ಹೆಸರಾದ ಊರು. ಆಮೇಲೆ ಊರಿಂದೂರಿಗೆ ಓಡುವ ಕ್ಟೆಲ್ ಬಸ್ಸಿನಲ್ಲಿ ನಾಫ್ಲಿಯೊ ಪಟ್ಟಣ. ಅಲ್ಲಿನ ಪಲಮಿದಿ ಕೋಟೆಗೆ 999 ಮೆಟ್ಟಿಲು ಅಂತಾರೆ; ವಯಸ್ಸಾದವರಿದ್ದರೆ ಟ್ಯಾಕ್ಸಿಯಲ್ಲಿ ಹತ್ತಿ, ಟ್ಯಾಕ್ಸಿಯಲ್ಲೇ ಇಳಿಸಿ. ಮಂಡಿ ನೋಯೋದು ಇಳಿಯುವಾಗಲೇ.

ಬಾಡಿಗೆ ಮನೆಯಲ್ಲಿ ಒಂದು ಪ್ರಯೋಗವೂ ಆಯ್ತು. ಸ್ಯಾಂಟೊರಿನಿಯ ಫಾವಾ ಬೇಳೆ ತಂದು ತೊವ್ವೆ ಮಾಡಿದೆವು. ಕುಕ್ಕರ್ ಇಲ್ಲದೆ ಮುಕ್ಕಾಲು ಗಂಟೆ ಹಿಡಿಯಿತು, ನೊರೆ ತೆಗೆದೂ ತೆಗೆದೂ ಸಾಕಾಯ್ತು. ಇಂಗು-ಜೀರಿಗೆ ಒಗ್ಗರಣೆ ಬಿದ್ದ ಮೇಲೆ ಅಪ್ಪ ಎರಡನೇ ಸಲ ಬಡಿಸಿಕೊಂಡರು. ಬೇಳೆ ದುಬಾರಿ, ಇನ್ನೊಮ್ಮೆ ಮಾಡಲ್ಲ.

ಗಲ್ಫ್ ಮೂಲಕ ಬೆಂಗಳೂರು-ಅಥೆನ್ಸ್ ಹೋಗಿ ಬರೋದಕ್ಕೆ ತಲಾ ನಲವತ್ತೈದು ಸಾವಿರದೊಳಗೆ ಹೇಗೆ ಹೊಂದಿಸಿದೆ ಅಂತ ಕೇಳಬೇಡಿ. ಅದನ್ನ ಇನ್ನೊಂದೆರಡು ಸಲ ನಾನೇ ಬಳಸಿಕೊಳ್ಳಬೇಕು. 2027ರಲ್ಲಿ ವ್ರತ ಮಾರ್ಚ್ 15ಕ್ಕೆ ಶುರು, ಈಸ್ಟರ್ ಮೇ 2ಕ್ಕೆ. ಅಂದರೆ ಇಡೀ ಏಪ್ರಿಲ್ ಸಿಗುತ್ತೆ, ಬಿಸಿಲೂ ಹಿತ, ಹಡಗುಗಳೂ ಜಾಸ್ತಿ. ಕೊನೆಯ ವಾರ ಮಾತ್ರ ಬೇಡ, ಗ್ರೀಕರೆಲ್ಲ ಹಬ್ಬಕ್ಕೆ ಊರಿಗೆ ಹೊರಟು ದರ ಏರಿಸಿಬಿಡ್ತಾರೆ.