ಕುರ್ಚಿ ಮಡಚಿಟ್ಟ ಮೇಲೆ ನಿಂತ ಕ್ಲೆಜ್ಮರ್ ಕೂಟ

ಯಿಡ್ಡಿಷ್ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು, ಕ್ಲೆಜ್ಮರ್ ಅವರ ಮದುವೆ-ಕುಣಿತದ ಸಂಗೀತ. ನ್ಯೂಜೆರ್ಸಿಯ ನಮ್ಮ ಯಿಡ್ಡಿಷ್-ಕ್ಲೆಜ್ಮರ್ ಕೂಟ ಈಗ ತನ್ನ ಖರ್ಚು ತಾನೇ ದುಡಿಯುತ್ತಿದೆ. ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ 2ರಿಂದ 6. ಹೆಚ್ಚುಕಡಿಮೆ 90 ಜನ. "ಈಗಿನವರು ಯಾರು ಕುಣಿಯೋಕೆ ಬರ್ತಾರೆ? ಹೆಸರಿರೋ ಬ್ಯಾಂಡ್ ಕರೆಸಿ, ಸಾಲಾಗಿ ಕುರ್ಚಿ ಹಾಕಿ" ಎಂದವರೇ ಈಗ ಬಾಗಿಲು ತೆಗೆಯುವ ಮೊದಲು ಬಂದು ನಿಂತಿರುತ್ತಾರೆ. ಮಾಡಿದ ಬದಲಾವಣೆ ಒಂದೇ: ವೇದಿಕೆ ಬಿಟ್ಟು, ಕುರ್ಚಿಗಳನ್ನು ಗೋಡೆಗೆ ಸರಿಸಿ, ಸಂಗೀತವನ್ನು ಕುಣಿತದ ಕೈಗೆ ಕೊಟ್ಟೆವು. ಮದುವೆ ಮನೆಯ ವಾದ್ಯ ಅದು. ಕೂತು ಕೇಳುವವರೆದುರು ಅದರ ಅರ್ಧ ಜೀವ ಹೋಗುತ್ತದೆ.

ಮೊದಲು ದುಡ್ಡಿನ ಮಾತು. ಕಛೇರಿ ಥರ ಮಾಡಿದಾಗ ಬ್ಯಾಂಡಿಗೆ 1800 ಡಾಲರ್, ಹಾಲ್ ಮತ್ತು ತಿಂಡಿಗೆ 330. ಟಿಕೆಟ್ 25, ಬಂದವರು 60. ಆರುನೂರು ಚಿಲ್ಲರೆ ಕೈಯಿಂದ ಹೋಯಿತು. ಎರಡನೇ ಸಲವೂ ಹಾಗೇ. ಈಗಿನ ಲೆಕ್ಕ ಬೇರೆ: ಹಾಲ್ 200, ಕುಣಿತ ಹೇಳಿಕೊಡುವವರಿಗೆ 250, ಖಾಯಂ ನಾಲ್ವರು ವಾದಕರಿಗೆ ತಲಾ 100, ತಿಂಡಿ 130, ಪ್ರಿಂಟ್ ಮತ್ತು ವಿಮೆಯ ಪಾಲು 70. ಒಟ್ಟು 1050ರ ಆಸುಪಾಸು. ಬಾಗಿಲಲ್ಲಿ "15 ಡಾಲರ್, ಇಲ್ಲವೇ ಕೈಲಾದಷ್ಟು" ಎಂದು ಬರೆದ ಡಬ್ಬಿ. ತಲೆಗೆ 12-13 ಬೀಳುತ್ತದೆ. ವಾದ್ಯ ತಂದವರಿಗೆ ಪ್ರವೇಶ ಪುಕ್ಕಟೆ ಮಾಡಿದ್ದು ತಪ್ಪಾಗಿತ್ತು. ಒಂದು ತಿಂಗಳು 22 ವಾದ್ಯ, 30 ಕುಣಿಯುವವರು. ಈಗ ಅವರೂ ಕೊಡುತ್ತಾರೆ, ಆದರೆ ನಿಧಾನ ಅಭ್ಯಾಸದ ಅವಧಿ ಅವರಿಗೆ ಸೇರಿಕೊಂಡಿದೆ.

ಆ ನಿಧಾನ ಅಭ್ಯಾಸವೇ ಕೂಟದ ಬೆನ್ನೆಲುಬು. ಮೊದಲ 45 ನಿಮಿಷ, ನುಡಿಸಬೇಕಾದ ವೇಗದ ಅರ್ಧಕ್ಕೆ, ನೊಟೇಶನ್ ಇಲ್ಲದೆ ಮೂರು ಟ್ಯೂನ್. ಒಬ್ಬರು ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ತುಂಡು, ನುಡಿಸುವುದು, ಉಳಿದವರು ತಿರುಗಿ ನುಡಿಸುವುದು, ನಮ್ಮ ಪಾಠದ ಮನೆಯ ಹಾಗೆಯೇ. ಕಾಗದ ಕೊಟ್ಟರೆ ಕಣ್ಣು ಕಾಗದದಲ್ಲೇ ಉಳಿದು ಕುಣಿಯುವವರ ಕಾಲು ಕಾಣುವುದಿಲ್ಲ. ಕಾಗದ ಕೊನೆಗೆ ಮನೆಗೆ ಒಯ್ಯಲು ಮಾತ್ರ, ಮೂರು ಬಗೆಯಲ್ಲಿ: ಪಿಟೀಲಿಗೆ ಡಿ ಫ್ರೇಗಿಶ್ (ಫ್ರೇಗಿಶ್ ಎಂಬ ಸ್ವರಶ್ರೇಣಿ, ಡಿ-ಯಿಂದ) ಇದ್ದರೆ, ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಇ-ಯಿಂದ, ಆಲ್ಟೊ ಸ್ಯಾಕ್ಸಫೋನಿಗೆ ಬಿ-ಯಿಂದ. ವರ್ಷಕ್ಕೆ 12 ಟ್ಯೂನ್ ಸಾಕು. 40 ಇಟ್ಟುಕೊಂಡಿದ್ದಾಗ ಒಂದೂ ಗಟ್ಟಿಯಾಗಲಿಲ್ಲ.

ಕರ್ನಾಟಕ ಸಂಗೀತದ ಪಿಟೀಲಿನಿಂದ ಬಂದವರಿಗೆ ಎರಡು ಮಾತು. ಫ್ರೇಗಿಶ್ ಎಂದರೆ ಮಾಯಾಮಾಳವಗೌಳ ಎಂದುಕೊಂಡರೆ ನಿಷಾದದಲ್ಲಿ ಸಿಕ್ಕಿಬೀಳುತ್ತೀರಿ. ಅದು 14ನೇ ಮೇಳ ವಕುಳಾಭರಣದ ಸ್ವರಗಳು, ಕೈಶಿಕಿ ನಿಷಾದ. ಷಡ್ಜದ ಕೆಳಗೆ ಇಳಿದಾಗ ಧೈವತ ಚತುಶ್ರುತಿಗೆ ಏರುವುದೂ ಉಂಟು. ಮಿಶೆಬೇರಖ್ ಎಂಬ ಇನ್ನೊಂದು ಶ್ರೇಣಿ 58ನೇ ಮೇಳ ಹೇಮವತಿ, ಷಣ್ಮುಖಪ್ರಿಯ ಅಲ್ಲ. ಸ್ವರ ಹೊಂದಿತೆಂದು ಗಮಕ ಹಾಕಬೇಡಿ. ಅಲ್ಲಿಯ ಕ್ರೆಖ್ಟ್ಸ್, ಅಂದರೆ ಬಿಕ್ಕು, ತೂಗಾಟವಲ್ಲ. ಸ್ವರದ ಬಾಲದಲ್ಲಿ ಮೇಲಿನ ಸ್ವರಕ್ಕೆ ಬೆರಳನ್ನು ಅರೆಯಾಗಿ ಮುಟ್ಟಿಸಿ, ಆ ಕ್ಷಣವೇ ಕಮಾನು ತಡೆಯಬೇಕು. ಕಮಾನು ನಿಲ್ಲದಿದ್ದರೆ ಅದು ಬರೀ ಸ್ಪುರಿತ. ಇದು ಕೂರಲು ನನಗೆ ಎಂಟು ತಿಂಗಳು ಹಿಡಿಯಿತು. ಈಗ ಕಣ್ಣು ಮುಚ್ಚಿ ಕೇಳಿದರೆ ಹಳೆಯ ಕೈ ಎನ್ನುತ್ತಾರೆ.

ಗಿಟಾರ್, ಅಕಾರ್ಡಿಯನ್ ಹಿಡಿದವರು ಮಾಡುವ ದೊಡ್ಡ ತಪ್ಪು ಕಾರ್ಡಿನದು. ಡಿ ಫ್ರೇಗಿಶ್ ಮುಗಿಯುವಾಗ ಅಭ್ಯಾಸಬಲದಿಂದ ಎ-ಸೆವೆನ್ತ್ ಹೊಡೆದು ಡಿಗೆ ಬರುತ್ತಾರೆ. ಆ ಕಾರ್ಡಿನ ಇ ಮತ್ತು ಸಿ-ಶಾರ್ಪ್ ಎರಡೂ ಫ್ರೇಗಿಶ್ ಸ್ವರಗಳ ಹೊರಗಿನವು. ರಾಗದಾರಿ ಕಿವಿಗೆ ಅದು ಅನ್ಯಸ್ವರದ ಹಾಗೆ ಚುಚ್ಚುತ್ತದೆ. ಸಿ-ಮೈನರಿನಿಂದ ಡಿಗೆ ಬರಬೇಕು. ಡಿ, ಜಿ-ಮೈನರ್, ಸಿ-ಮೈನರ್, ಈ ಮೂರರಲ್ಲೇ ಅರ್ಧ ಸಂಜೆ ಕಳೆಯಬಹುದು.

ಲಯ: ಬುಲ್ಗರ್ ಎಂಬ ಕುಣಿತಕ್ಕೆ 3+3+2. "ತಕಿಟ ತಕಿಟ ತಕ" ಎಂದ ಕೂಡಲೇ ನಮ್ಮ ಮೃದಂಗದ ಹುಡುಗ ಹಿಡಿದುಬಿಟ್ಟ. ನಿಧಾನದ ಹೋರಾ ಕುಣಿತದಲ್ಲಿ ತ-ಕಿ-ಟದ "ಕಿ" ಖಾಲಿ ಬಿಡಬೇಕು. ತುಂಬಿಸಿದರೆ ವಾಲ್ಟ್ಜ್ ಆಗಿ ಹೋಗುತ್ತದೆ. ಮೃದಂಗವನ್ನೇ ಪೋಯ್ಕ್ ಡೋಲಿನ ಜಾಗದಲ್ಲಿ ಇಟ್ಟು ಎರಡು ತಿಂಗಳು ನೋಡಿದೆವು. ಕೇಳಲು ಸೊಗಸು, ಆದರೆ ಮೃದಂಗದ ವೇಗದ ಫರಣ್ ನುಡಿ ಶುರುವಾದ ಕೂಡಲೇ ಕುಣಿಯುವವರಿಗೆ ಮೊದಲ ಪೆಟ್ಟು ತಪ್ಪುತ್ತಿತ್ತು. ದಪ್ಪ ಡೋಲು, ಮೇಲೊಂದು ಸಣ್ಣ ತಾಳ, ಅಷ್ಟೇ ಬೇಕಾದದ್ದು. ಶ್ರುತಿಪೆಟ್ಟಿಗೆ ಮಾತ್ರ ಗೆದ್ದಿತು. ದೋಯ್ನಾ ಎಂದರೆ ತಾಳವಿಲ್ಲದ ಆಲಾಪನೆಯೇ. ಅಕಾರ್ಡಿಯನ್ನಿನವರು ಕೈ ನೋಯಿಸಿಕೊಂಡು ಕಾರ್ಡ್ ಹಿಡಿಯುವ ಬದಲು ಪೆಟ್ಟಿಗೆ ಊದಿಸಿದರೆ ಸಾಕು. ದೋಯ್ನಾ ಜಿ-ಮೈನರಿನತ್ತ ಹೊರಳುವ ಮುಂಚೆ ಪಂಚಮ ಮುಚ್ಚಬೇಕು, ಮರೆತರೆ ಕರ್ಕಶ.

ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಕೇಳಿಯೇ ಎಲ್ಲರೂ ಕಲಿಯುತ್ತೇವೆ. ನಫ್ತುಲೆ ಬ್ರಾಂಡ್‌ವೈನ್, ಡೇವ್ ತಾರಸ್ ಅವರ ಕ್ಲಾರಿನೆಟ್ ಬಿಟ್ಟು ಕಲಿಕೆ ಇಲ್ಲ. ಆದರೆ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ನೆಲದ ಮೇಲೆ ಷೆರ್ ಕುಣಿತಕ್ಕೆ 12 ನಿಮಿಷ ಬೇಕು, ಏಕೆಂದರೆ ನಾಲ್ಕು ಜೋಡಿಯ ಚೌಕದಲ್ಲಿ ಒಬ್ಬೊಬ್ಬರಿಗೂ ಸರದಿ ಬರಬೇಕು. ನಿಮಿಷಕ್ಕೆ 116 ಪೆಟ್ಟಿನ ವೇಗದಲ್ಲಿ ಎ-ಎ-ಬಿ-ಬಿ, ಅಂದರೆ ಟ್ಯೂನಿನ ಎರಡು ಭಾಗ ಎರಡೆರಡು ಸಲ, ಒಂದು ಸುತ್ತಿಗೆ ಅರ್ಧ ನಿಮಿಷ. ಅಂದರೆ 22-24 ಸುತ್ತು, ಆರು ಟ್ಯೂನ್, ಒಂದೊಂದು ನಾಲ್ಕು ಸಲ. ಮೊದಲ ವರ್ಷ ಎರಡೇ ಟ್ಯೂನ್ ಜೋಡಿಸಿದ್ದೆವು. ಏಳನೇ ನಿಮಿಷಕ್ಕೆ ವಾದಕರು ಬೇಸತ್ತು ವೇಗ 130ಕ್ಕೆ ಏರಿ, ವಯಸ್ಸಾದವರು ಬಿಟ್ಟು ಕೂತರು. ಆರು ಟ್ಯೂನ್‌ಗಳ ಅನುಕ್ರಮ ಯಾವುದು, ಕೊನೆಯ ಸುತ್ತಿಗೆ ಸನ್ನೆ ಹೇಗೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬಂದು ನೋಡಿ.

ಫ್ರೇಲಖ್ಸ್ ಕುಣಿತದ ಸುತ್ತು ಕಟ್ಟಲು 30 ಜನಕ್ಕೆ 25 ಅಡಿ ಅಗಲ ಬೇಕು. ಹೆಚ್ಚಾದರೆ ಒಳಗೊಂದು ಸುತ್ತು. ಮರದ ನೆಲವೇ ಆಗಬೇಕು. ಟೈಲ್ಸ್ ಹಾಲಿನಲ್ಲಿ 40 ಡಾಲರ್ ಉಳಿಸಲು ಹೋಗಿ ಮಂಡಿನೋವಿನವರನ್ನೆಲ್ಲ ಕಳೆದುಕೊಂಡೆವು. ಚಳಿಗಾಲದಲ್ಲಿ ಒಂದು ಗಂಟೆ ಮೊದಲೇ ಹೀಟರ್ ಹಾಕಿಸಿ. ತಣ್ಣನೆಯ ಹಾಲ್‌ನಲ್ಲಿ ಕ್ಲಾರಿನೆಟ್ ಶ್ರುತಿ ಇಳಿಯುತ್ತದೆ, ತಂತಿ ಏರುತ್ತದೆ. ಅಕಾರ್ಡಿಯನ್ ಶ್ರುತಿ ಬದಲಿಸಲಾಗದು, ಬಹಳಷ್ಟರಲ್ಲಿ ಎ ಸ್ವರ 442 ಹರ್ಟ್ಸ್‌ಗೆ ಇರುತ್ತದೆ, ಎಲ್ಲರೂ ಅದಕ್ಕೇ ಸೇರಿಸಬೇಕು. ಕ್ಲಾರಿನೆಟ್ ಮೂರಕ್ಕಿಂತ ಹೆಚ್ಚಾದರೆ ಉಳಿದವರು ಮಂದ್ರದಲ್ಲಿ. ಮೈಕ್ ಇಡೀ ಹಾಲಿಗೆ ಒಂದೇ, ಅದೂ ತ್ಸಿಂಬಲ್‌ಗೆ. ಸಂತೂರಿನ ಕುಲದ ಆ ವಾದ್ಯ ಟ್ರಾಂಬೋನ್ ಪಕ್ಕದಲ್ಲಿ ಕೇಳಿಸುವುದೇ ಇಲ್ಲ.

ತಾರೀಖು ಗೊತ್ತುಮಾಡುವಾಗ ಯಹೂದಿ ಪಂಚಾಂಗ ಬಿಡಿಸಿ ಕೂತುಕೊಳ್ಳಿ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಆಚರಣಸ್ಥರು ವಾದ್ಯ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಈ ವಿಶ್ರಾಂತಿಯ ದಿನ, ಶಬ್ಬಾತ್, ಮುಗಿಯುವುದೇ ರಾತ್ರಿ ಒಂಬತ್ತರ ಮೇಲೆ, ಹಾಗಾಗಿ ಭಾನುವಾರವೇ ಸರಿ. ಪಾಸೋವರ್ ಹಬ್ಬದಿಂದ ಶಾವುವೋತ್ ಹಬ್ಬದವರೆಗಿನ 49 ಓಮರ್ ದಿನಗಳಲ್ಲಿ ಹಲವರಿಗೆ ಸಂಗೀತ ವರ್ಜ್ಯ. 33ನೇ ದಿನಕ್ಕೆ ವಿನಾಯಿತಿ. ಶೋಕದ ಉಪವಾಸದ ದಿನವಾದ ತಿಶಾ ಬಾವ್‌ಗೆ ಮುಂಚಿನ ಮೂರು ವಾರವೂ ಹಾಗೇ. ನಮ್ಮ ಆಷಾಢದಲ್ಲಿ ಮದುವೆ ಇಟ್ಟ ಹಾಗೆ ಆಗಬಾರದಲ್ಲ. ಕಳೆದು ಕೂಡಿ ವರ್ಷಕ್ಕೆ ಒಂಬತ್ತು ಕೂಟ ಉಳಿಯುತ್ತವೆ.

ತಿಂಡಿಯಲ್ಲಿ ಮನೆಯಿಂದ ಮಾಡಿ ತಂದದ್ದು ಬೇಡ, ಎಷ್ಟೇ ಪ್ರೀತಿಯಿಂದ ತಂದರೂ. ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವವರು ಮುಟ್ಟುವುದಿಲ್ಲ, ತಂದವರಿಗೂ ಬೇಸರ. ಕೋಷರ್ ಮುದ್ರೆಯ ಪ್ಯಾಕೆಟ್ಟನ್ನು ಎಲ್ಲರೆದುರು ಒಡೆಯಿರಿ: ರೈ ಬ್ರೆಡ್, ಹೆರ್ರಿಂಗ್ ಮೀನು, ಉಪ್ಪುನೀರಿನ ಸೌತೆಕಾಯಿ, ರುಗೆಲಾಖ್ ಎಂಬ ಸಿಹಿ ತಿನಿಸು, ಸೋಡಾ. ಮಾಂಸವೂ ಇಲ್ಲದ, ಹಾಲೂ ಇಲ್ಲದ ಪಾರ್ವೆ ಪದಾರ್ಥವೇ ಇದ್ದರೆ ಜಗಳವಿಲ್ಲ. ಕಾಗದದ ತಟ್ಟೆ.

ಯಿಡ್ಡಿಷ್ ಮಾತಾಡುವ ಮೇಜು ಕುಣಿತದ ನಡುವಿನ 25 ನಿಮಿಷದ ಬಿಡುವಿನಲ್ಲಿ. ಅಲ್ಲಿ ಇಂಗ್ಲಿಷ್ ಇಲ್ಲ. ಇದು ಎರಡು ಸಲ ಕೆಟ್ಟದ್ದು ಒಂದೇ ಕಾರಣಕ್ಕೆ: ತರಗತಿಯಲ್ಲಿ ಕಲಿತ ಹುಡುಗರು ಅಜ್ಜಿಯಂದಿರನ್ನು ತಿದ್ದುತ್ತಿದ್ದರು. "ಏನು" ಎನ್ನಲು ಪುಸ್ತಕದಲ್ಲಿ "ವೋಸ್" ಎಂದಿದೆ, ಪೋಲೆಂಡ್ ಕಡೆಯ ಮನೆಮಾತಿನಲ್ಲಿ "ವೂಸ್". ಧಾರವಾಡದವರನ್ನು ಮೈಸೂರಿನವರು ತಿದ್ದಿದ ಹಾಗೆ. ಅಜ್ಜಿಯರು ಬಾಯಿ ಮುಚ್ಚಿಕೊಂಡರು, ಮುಂದಿನ ತಿಂಗಳು ಬರಲೂ ಇಲ್ಲ. ಈಗಿನ ನಿಯಮ, ಮನೆಯಲ್ಲಿ ಮಾತು ಕಲಿತವರನ್ನು ಯಾರೂ ತಿದ್ದುವಂತಿಲ್ಲ. ಹಿರಿಯರಿಗೆ "ಇರ್", ಜೊತೆಯವರಿಗೆ "ದು", ನಮ್ಮ ನೀವು-ನೀನು ಹಾಗೆಯೇ. ಆ ಮೇಜು ಡೋಲಿನಿಂದ ದೂರವಿರಲಿ. ಹಿಯರಿಂಗ್ ಏಡ್ ಹಾಕಿದವರಿಗೆ ಡೋಲಿನ ಪೆಟ್ಟು ನೇರ ತಲೆಗೆ ಬಡಿಯುತ್ತದೆ. ಹಾಡಿನ ಹಾಳೆಯಲ್ಲಿ ಹೀಬ್ರೂ ಲಿಪಿಯೊಂದೇ ಇದ್ದಾಗ ಹಾಡಿದವರು ಎಂಟೇ ಜನ. ಕೆಳಗೆ ರೋಮನ್ ಲಿಪಿ ಸೇರಿಸಿದ ಮೇಲೆ ಇಡೀ ಹಾಲ್ ಹಾಡಿತು.

ಕೊನೆಗೆ ದೋಬ್ರಾನೋಚ್, ಮದುವೆಯಿಂದ ನೆಂಟರನ್ನು ಬೀಳ್ಕೊಡುವ ಮಟ್ಟು. 5.35ಕ್ಕೆ ಶುರು ಮಾಡಿ. ಅದು ನುಡಿಯುತ್ತಿರುವಾಗಲೇ ನಾಲ್ವರು ಮೇಜು ಮಡಚಬೇಕು, ಒಬ್ಬರು ಡಬ್ಬಿ ಎಣಿಸಬೇಕು. ಆರು ದಾಟಿದರೆ ಹಾಲ್‌ನವರು ಅರ್ಧ ಗಂಟೆಗೆ 50 ಡಾಲರ್ ಹೆಚ್ಚು ಹಾಕುತ್ತಾರೆ.